ಎರಡು ಗಣಕಗಳ ನೇರ ಸಂಪರ್ಕ: ದೋಷಶೋಧನೆಯ ಕ್ರಮ

ಹಳೆಯ ಗಣಕಯಂತ್ರವನ್ನು ನಿರುಪಯೋಗಿಯೆಂದು ಮೂಲೆಗೆ ಸರಿಸುವ ಮುನ್ನ ಅದರ ಒಡಲಲ್ಲಿ ಏನಿದೆಯೆಂಬುದನ್ನು ವಿಚಾರಿಸುವುದು ಅವಶ್ಯ. ವಿಂಡೋಸ್ 98 ಇದ್ದ ಯಂತ್ರಗಳಲ್ಲಿ ಅಂದು ಬೆರಳಚ್ಚಾದ ಕನ್ನಡ ಬರೆಹ ಅಪಾರ. ಗ್ರಂಥಗಳ ಕರಡು, ಶಾಸನಗಳ ಪಾಠ, ಊರಿನ ಚರಿತ್ರೆ, ಮನೆತನದ ಲೆಕ್ಕಪತ್ರ ಇವೆಲ್ಲ ಎಷ್ಟೋ ಮನೆಗಳಲ್ಲಿ ಇನ್ನೂ ಆ ತಟ್ಟೆಗಳಲ್ಲಿಯೇ ಉಳಿದುಕೊಂಡಿವೆ. ತಾಳೆಗರಿಯನ್ನು ಗೆದ್ದಲು ತಿಂದು ಮುಗಿಸಲು ಕಾಲ ಹಿಡಿಯುತ್ತದೆ. ಗಣಕದ ತಟ್ಟೆಯಾದರೋ ಒಂದು ದಿನ ಬೆಳಗ್ಗೆ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಅದರೊಳಗಿನದನ್ನು ಹೊರತೆಗೆಯುವ ದಾರಿಗಳೂ ಕಿರಿದು. ಫ್ಲಾಪಿಯಲ್ಲಿ ಹಿಡಿಯುವುದು 1.44 ಮೆಗಾಬೈಟ್ ಮಾತ್ರ. ಪೆನ್‌ಡ್ರೈವನ್ನು ವಿಂಡೋಸ್ 98 ತಾನಾಗಿ ಗುರುತಿಸದು, ಅದಕ್ಕೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕು. ಹೀಗಿರಲು ಉಳಿಯುವ ಸುಲಭೋಪಾಯವೆಂದರೆ ವಿಂಡೋಸ್ ಎಕ್ಸ್‌ಪಿ ಇರುವ ಮತ್ತೊಂದು ಗಣಕಕ್ಕೆ ಅದನ್ನು ಒಂದೇ ತಂತಿಯಿಂದ ನೇರವಾಗಿ ಜೋಡಿಸುವುದು. ಎಕ್ಸ್‌ಪಿಯು ಪೆನ್‌ಡ್ರೈವನ್ನು ಬಲ್ಲುದಾದ್ದರಿಂದ ಅಲ್ಲಿಂದ ಮುಂದಕ್ಕೆ ಒಯ್ಯುವುದು ಕಷ್ಟವಲ್ಲ. ಇಂದಿನ ಹೊಸ ಗಣಕಕ್ಕೇ ಏಕೆ ಜೋಡಿಸಬಾರದೆಂದು ಕೇಳಬಹುದು. ಹಳೆಯ ಯಂತ್ರಗಳು ಕಡತಗಳನ್ನು ಹಂಚಿಕೊಳ್ಳುತ್ತಿದ್ದುದು ಎಸ್‌ಎಂಬಿ ಎಂಬ ಪದ್ಧತಿಯ ಮೊದಲ ಆವೃತ್ತಿಯಿಂದ. 2017ರಲ್ಲಿ ಹೊರಬಂದ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ ಅದನ್ನು ತಾನಾಗಿ ಅಳವಡಿಸುವ ರೂಢಿಯನ್ನು ಕೈಬಿಡಲಾಗಿದೆ. ಬೇಕೆಂದೇ ಅಳವಡಿಸಿಕೊಂಡ ಹೊರತು ಹೊಸದಕ್ಕೆ ಹಳೆಯದರ ಭಾಷೆ ತಿಳಿಯದು.

ತಂತಿ ಜೋಡಿಸಿದೊಡನೆ ಕೆಲಸ ನಡೆದರೆ ಸರಿಯೇ; ಬಹುಮಟ್ಟಿಗೆ ನಡೆಯುವುದಿಲ್ಲ. ಆಗ ಕಾತರದಿಂದ ಹತ್ತು ಕಡೆ ಕೈಹಾಕಿ ಹತ್ತನ್ನೂ ಬದಲಾಯಿಸುವವರು ಇದ್ದ ದೋಷದ ಜೊತೆಗೆ ಇಲ್ಲದ ದೋಷಗಳನ್ನೂ ಸೃಷ್ಟಿಸಿಕೊಳ್ಳುತ್ತಾರೆ. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಮಾತುಗಳುಂಟು. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಕಾರಣವನ್ನು ನಿಶ್ಚಯಿಸಲು ಎರಡೂ ಬೇಕು. ಆದಕಾರಣ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಫಲವನ್ನು ನೋಡತಕ್ಕದ್ದು. ಶೋಧನೆಯೂ ಕೆಳಗಿನಿಂದ ಮೇಲಕ್ಕೆ, ಎಂದರೆ ತಂತಿಯಿಂದ ಮೊದಲಾಗಿ, ಸಾಗಬೇಕು. ತಂತಿಯೇ ಸತ್ತಿರುವಾಗ ಗುಪ್ತಪದವನ್ನು ತಿದ್ದುತ್ತ ಕುಳಿತರೆ ಪ್ರಯೋಜನವೇನು?

ತಂತಿಯ ವಿಷಯದಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಜಾಲದ ತಂತಿಯೊಳಗೆ ಎಂಟು ಎಳೆಗಳಿದ್ದು ಅವು ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್ ವೇಗದ ಹಳೆಯ ಜಾಲಫಲಕಗಳು ಇವುಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತವೆ. ಒಂದನೆಯ ಮತ್ತು ಎರಡನೆಯ ಕಡ್ಡಿಗಳು ಹೇಳುವುದಕ್ಕೆ, ಮೂರನೆಯ ಮತ್ತು ಆರನೆಯ ಕಡ್ಡಿಗಳು ಕೇಳುವುದಕ್ಕೆ. ಮೊದಲಿನವನ್ನು ಬಾಯಿ ಎಂದೂ ಎರಡನೆಯವನ್ನು ಕಿವಿ ಎಂದೂ ತಿಳಿಯಬಹುದು. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ನೇರ ತಂತಿಯು ಬಾಯಿಗೆ ಬಾಯನ್ನೂ ಕಿವಿಗೆ ಕಿವಿಯನ್ನೂ ಜೋಡಿಸುತ್ತದೆ. ನಡುವೆ ಹಬ್ ಅಥವಾ ಸ್ವಿಚ್ ಇದ್ದರೆ ಅದೇ ಅದಲುಬದಲು ಮಾಡುವುದರಿಂದ ಬಾಧೆಯಿಲ್ಲ. ನಡುವೆ ಯಾರೂ ಇಲ್ಲದಿರುವಾಗ ತಂತಿಯೇ ಆ ಕೆಲಸ ಮಾಡಬೇಕು. ಅಂಥದಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಅದರ ಒಂದು ತುದಿಯಲ್ಲಿ ಬಣ್ಣಗಳ ಸಾಲು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದಿದ್ದರೆ, ಇನ್ನೊಂದು ತುದಿಯಲ್ಲಿ ಬಿಳಿ-ಹಸಿರು, ಹಸಿರು, ಬಿಳಿ-ಕಿತ್ತಳೆ, ನೀಲಿ, ಬಿಳಿ-ನೀಲಿ, ಕಿತ್ತಳೆ, ಬಿಳಿ-ಕಂದು, ಕಂದು ಎಂದಿರುತ್ತದೆ. ಎರಡು ತುದಿಗಳನ್ನೂ ಒಂದೇ ಮುಖವಾಗಿ ಪಕ್ಕಪಕ್ಕದಲ್ಲಿ ಹಿಡಿದು ನೋಡಿದರೆ ಸಾಕು: ಸಾಲು ಒಂದೇ ಆಗಿದ್ದರೆ ಅದು ನೇರ ತಂತಿ. ಗಿಗಾಬಿಟ್ ವೇಗದ ಈಚಿನ ಫಲಕಗಳು ಬಾಯಿ-ಕಿವಿಗಳನ್ನು ತಾವೇ ಗುರುತಿಸಿಕೊಳ್ಳುವುದರಿಂದ ಅವಕ್ಕೆ ಯಾವ ತಂತಿಯಾದರೂ ಆದೀತು. ಎರಡೂ ಹಳೆಯವಾದರೆ ಆ ಭಾಗ್ಯವಿಲ್ಲ.

ಫಲಕದ ಹಿಂಬದಿಯ ಪುಟ್ಟ ದೀಪ ಎರಡು ಕಡೆಯೂ ಬೆಳಗಿದರೆ ತಂತಿ ಕೂಡಿದೆಯೆಂದು ತಿಳಿಯಬೇಕು. ಆದರೆ ಆ ದೀಪವನ್ನು ಪೂರ್ಣವಾಗಿ ನಂಬುವಂತಿಲ್ಲ. ಕೈಯಾರೆ ತಂತಿ ಕಟ್ಟುವವರು ಒಂದು-ಎರಡು, ಮೂರು-ನಾಲ್ಕು, ಐದು-ಆರು ಎಂದು ಜೋಡಿಗಳನ್ನು ಸಾಲಾಗಿ ಕೂರಿಸಿಬಿಡುವುದುಂಟು. ಆಗ ಮೂರು ಮತ್ತು ಆರನೆಯ ಎಳೆಗಳು ಬೇರೆ ಬೇರೆ ಹೆಣಿಗೆಗಳ ಪಾಲಾಗುತ್ತವೆ. ದೀಪ ಉರಿಯಬಹುದು, ಆದರೆ ಒಂದು ಎಳೆಯ ಸದ್ದು ಇನ್ನೊಂದಕ್ಕೆ ಸೋರಿ ಮಾತು ಕೆಡುತ್ತದೆ. ಹೆಣಿಗೆ ಇರುವುದು ಅಂದಕ್ಕಲ್ಲ, ಈ ಸೋರಿಕೆಯನ್ನು ತಡೆಯುವುದಕ್ಕೆ.

ತಂತಿಯಾದ ಮೇಲೆ ವಿಳಾಸ. ಪ್ರತಿಯೊಂದು ಗಣಕಕ್ಕೂ ನಾಲ್ಕು ಭಾಗಗಳ ಒಂದು ಸಂಖ್ಯೆ ವಿಳಾಸವಾಗಿರಬೇಕು. ಮನೆಯೊಳಗಿನ ಜಾಲಕ್ಕೆಂದೇ ಮೀಸಲಾದ ಸಂಖ್ಯೆಗಳಲ್ಲಿ ಒಂದಕ್ಕೆ 192.168.0.1 ಎಂದೂ ಇನ್ನೊಂದಕ್ಕೆ 192.168.0.2 ಎಂದೂ ಕೊಟ್ಟು, ಎರಡಕ್ಕೂ ಸಬ್‌ನೆಟ್ ಮಾಸ್ಕನ್ನು 255.255.255.0 ಎಂದು ಬರೆದರೆ ಸಾಕು. ಗೇಟ್‌ವೇ ಎಂಬಲ್ಲಿ ಏನನ್ನೂ ಬರೆಯಬೇಕಾದುದಿಲ್ಲ. ವಿಳಾಸವನ್ನು ತಾನಾಗಿ ಪಡೆಯುವಂತೆ ಬಿಟ್ಟ ಗಣಕವು ಕೊಡುವವರು ಯಾರೂ ಇಲ್ಲದಿರುವುದನ್ನು ಕಂಡು 169.254 ಎಂದು ಮೊದಲಾಗುವ ಸಂಖ್ಯೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಎರಡೂ ಹಾಗೆ ಮಾಡಿದರೆ ಪರಸ್ಪರ ಮಾತನಾಡಬಲ್ಲವು. ಒಂದಕ್ಕೆ ಕೈಯಾರೆ ಕೊಟ್ಟು ಇನ್ನೊಂದನ್ನು ಹಾಗೆಯೇ ಬಿಟ್ಟಾಗ ಮಾತ್ರ ಎರಡೂ ಬೇರೆ ಬೇರೆ ಊರಿನವಾಗುತ್ತವೆ. ಇದು ಬಹಳ ಸಾಮಾನ್ಯವಾದ ದೋಷ.

ಇನ್ನು ಪರೀಕ್ಷೆ. ಪಿಂಗ್ ಎಂಬ ಆಜ್ಞೆಯ ಮುಂದೆ ಎದುರಿನ ವಿಳಾಸವನ್ನು ಬರೆದರೆ ಗಣಕವು ನಾಲ್ಕು ಬಾರಿ ಕೂಗಿ ಓಗೊಡುವಿಕೆಗಾಗಿ ಕಾಯುತ್ತದೆ. ಮೊದಲು 127.0.0.1 ಎಂಬುದನ್ನು ಕೂಗಬೇಕು. ಅದು ತನ್ನನ್ನೇ ತಾನು ಕರೆದುಕೊಂಡಂತೆ. ಅಲ್ಲಿಯೇ ಸೋತರೆ ದೋಷ ಆ ಯಂತ್ರದ ಒಳಗೇ ಇದೆ. ಬಳಿಕ ಎರಡೂ ಕಡೆಯಿಂದ ಪರಸ್ಪರ ಕೂಗಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ, ವಿದ್ಯಾರ್ಥಿಗಳು ಮನಗಾಣಬೇಕು. ಎಕ್ಸ್‌ಪಿಯ ಕೂಗಿಗೆ 98 ಓಗೊಡುತ್ತದೆ, ಆದರೆ 98ರ ಕೂಗಿಗೆ ಎಕ್ಸ್‌ಪಿ ಓಗೊಡುವುದಿಲ್ಲವೆಂದಿಟ್ಟುಕೊಳ್ಳೋಣ. ಅನೇಕರು ಇದನ್ನು ತಂತಿಯ ದೋಷವೆಂದೇ ಭಾವಿಸುತ್ತಾರೆ. ವಿಚಾರಿಸಿದರೆ ಹಾಗಾಗಲಾರದು. ಮೊದಲ ಕೂಗು ಸಫಲವಾಗಬೇಕಾದರೆ ಕೂಗು ಅತ್ತ ಹೋಗಬೇಕು, ಓಗೊಡುವಿಕೆ ಇತ್ತ ಬರಬೇಕು. ಎಂದಮೇಲೆ ತಂತಿಯ ಎರಡು ದಾರಿಗಳೂ ವಿಳಾಸಗಳೆರಡೂ ನಿರ್ದೋಷವೆಂದು ಸಿದ್ಧವಾಯಿತು. ಉಳಿದುದು ಎಕ್ಸ್‌ಪಿಯ ಬಾಗಿಲಲ್ಲಿ ನಿಂತ ಕಾವಲುಗಾರ. 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಚಾಲ್ತಿಗೊಳಿಸುತ್ತಿತ್ತು. 98ಕ್ಕೆ ಅಂಥ ಅಂತರ್ಗತ ಕಾವಲಿಲ್ಲ. ಫೈರ್‌ವಾಲಿನ ವಿನಾಯಿತಿಗಳಲ್ಲಿ ಕಡತ ಮತ್ತು ಮುದ್ರಕಗಳ ಹಂಚಿಕೆಗೆ ಗುರುತು ಹಾಕಿದರೆ ಓಗೊಡುವಿಕೆ ಬರುತ್ತದೆ. ಈ ಕೆಲಸ ನಡೆಯುವಷ್ಟು ಹೊತ್ತು ಎರಡೂ ಯಂತ್ರಗಳಿಗೆ ಅಂತರಜಾಲದ ಸಂಪರ್ಕವನ್ನು ತಪ್ಪಿಸಿಡುವುದು ಕ್ಷೇಮ. ವಿಂಡೋಸ್ 98ಕ್ಕೆ 2006ರಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ತಯಾರಕರ ಬೆಂಬಲ ನಿಂತಿತು.

ಪಿಂಗ್ ನಡೆದರೂ ಕಡತಗಳು ಕಾಣದಿರಬಹುದು. 98ನ್ನು ಆರಂಭಿಸುವಾಗ ಹೆಸರು, ಗುಪ್ತಪದಗಳನ್ನು ಕೇಳುವ ಪೆಟ್ಟಿಗೆಯನ್ನು ರದ್ದುಮಾಡಿ ಒಳಹೋದವರಿಗೆ ಜಾಲವು ತೆರೆದುಕೊಳ್ಳುವುದಿಲ್ಲ. ಗುಪ್ತಪದ ಬರಿದಾಗಿದ್ದರೂ ಸರಿ, ಒಪ್ಪಿಗೆಯ ಗುಂಡಿಯನ್ನೇ ಒತ್ತಬೇಕು. ಅದರಲ್ಲಿ ಕಡತ ಹಂಚಿಕೆಯ ಸೇವೆಯನ್ನು ಅಳವಡಿಸಿ, ಬೇಕಾದ ಕೋಶವನ್ನು ಓದಲು ಮಾತ್ರ ಹಂಚಿದರೆ ಮೂಲಕ್ಕೆ ಅಪಾಯವಿಲ್ಲ. ಗಣಕಗಳ ಹೆಸರು ಬೇರೆ ಬೇರೆಯಾಗಿರಬೇಕು, ವರ್ಕ್‌ಗ್ರೂಪಿನ ಹೆಸರು ಒಂದೇ ಆಗಿದ್ದರೆ ಅನುಕೂಲ. ಎಕ್ಸ್‌ಪಿಯ ಹೋಮ್ ಆವೃತ್ತಿಯು ತಾನಾಗಿ ಎಂಎಸ್‌ಹೋಮ್ ಎಂದಿಟ್ಟುಕೊಳ್ಳುವುದನ್ನು ಮರೆಯಬಾರದು. ಪಟ್ಟಿಯಲ್ಲಿ ಹೆಸರು ಮೂಡಲು ಹಲವು ನಿಮಿಷ ಹಿಡಿಯುತ್ತದೆ. ಕಾಯಲಾರದವರು ಎಕ್ಸ್‌ಪಿಯ ರನ್ ಪೆಟ್ಟಿಗೆಯಲ್ಲಿ ಎರಡು ಹಿಂಬಾಗಿದ ಗೆರೆಗಳನ್ನೆಳೆದು ಎದುರಿನ ಗಣಕದ ಹೆಸರನ್ನು ನೇರವಾಗಿ ಬರೆಯಬಹುದು. 98ರ ತಟ್ಟೆಯ ವ್ಯವಸ್ಥೆಯೇ ಬೇರೆ, ಎಕ್ಸ್‌ಪಿಯದೇ ಬೇರೆ ಎಂದು ಹೆದರುವವರುಂಟು. ಜಾಲದ ಮೂಲಕ ಸಾಗುವಾಗ ಆ ಭೇದ ಲೆಕ್ಕಕ್ಕೆ ಬಾರದು.

ಕೊನೆಯದು ಎಲ್ಲಕ್ಕಿಂತ ಮೋಸದ ದೋಷ: ಪಿಂಗ್ ಚೆನ್ನಾಗಿದೆ, ಕಡತಗಳೂ ಕಾಣುತ್ತವೆ, ಆದರೆ ದೊಡ್ಡ ಕಡತವನ್ನು ಒಯ್ಯುವಾಗ ಬಸವನಹುಳುವಿನ ನಡೆ. ಒಂದು ಫಲಕವನ್ನು ಯಾರೋ 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಎಂದು ಬಿಗಿಮಾಡಿರುತ್ತಾರೆ. ಇನ್ನೊಂದು ತಾನಾಗಿ ತಿಳಿದುಕೊಳ್ಳುವಂತೆ ಇರುತ್ತದೆ. ಎದುರಿನದು ಮಾತುಕತೆಗೆ ಬಾರದ್ದರಿಂದ ಇದು ವೇಗವನ್ನು ಊಹಿಸಬಲ್ಲುದೇ ಹೊರತು ಡ್ಯೂಪ್ಲೆಕ್ಸನ್ನು ಊಹಿಸಲಾರದೆ ಹಾಫ್ ಎಂದು ನಿಲ್ಲುತ್ತದೆ. ಆಗ ಒಂದು ಕಡೆಯದು ಕೇಳುತ್ತಲೇ ಮಾತನಾಡುತ್ತದೆ. ಇನ್ನೊಂದು, ಎದುರಿನದು ಮಾತನಾಡಿದೊಡನೆ ಡಿಕ್ಕಿಯಾಯಿತೆಂದು ತನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಪಿಂಗಿನ ಚಿಕ್ಕ ಮಾತುಗಳಲ್ಲಿ ಇದು ಬಯಲಾಗದು. ಎರಡೂ ಫಲಕಗಳನ್ನು ಸ್ವಯಂನಿರ್ಣಯಕ್ಕೆ ಬಿಟ್ಟರೆ ಸರಿಹೋಗುತ್ತದೆ.

ಕಡತಗಳ ಜೊತೆಗೆ ಅಕ್ಷರವಿನ್ಯಾಸಗಳನ್ನೂ, ಎಂದರೆ ವಿಂಡೋಸ್‌ನ ಫಾಂಟ್ಸ್ ಕೋಶದಲ್ಲಿರುವ ನುಡಿ, ಬರಹ ಮುಂತಾದವುಗಳ ಫಾಂಟುಗಳನ್ನೂ ತರಬೇಕು. ಅಂದಿನ ಬರೆಹ ಬಹುಪಾಲು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ತಾಳೆನೋಡಿ, ನಾಲ್ಕಾರನ್ನು ಎಕ್ಸ್‌ಪಿಯಲ್ಲಿ ತೆರೆದು ಕೊನೆಯ ಪುಟದವರೆಗೆ ಓದಿದ ಬಳಿಕವೇ ಹಳೆಯ ಯಂತ್ರವನ್ನು ಆರಿಸತಕ್ಕದ್ದು.