ಪ್ರೊಸೆಸರಿನ ಆಯ್ಕೆ

ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚಾಗಿ ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುವರು. ಮೂಲ ವೇಗವಾದ 100 ಮೆಗಾಹರ್ಟ್ಸನ್ನು 42ರ ಬದಲು 45ರಿಂದ ಗುಣಿಸಿದರೆ 4.2 ಗಿಗಾಹರ್ಟ್ಸ್ ಇದ್ದದ್ದು 4.5 ಆಗುವುದು. ಆ ಗುಣಕಕ್ಕೆ ಬೀಗವಿರಬಾರದೆಂಬುದೇ ಆಯ್ಕೆಯ ಮೊದಲ ಸೂತ್ರ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ‘ಕೆ’ ಅಕ್ಷರವುಳ್ಳ ಪ್ರೊಸೆಸರೂ ‘ಝಡ್’ ವರ್ಗದ ದುಬಾರಿ ಮದರ್‌ಬೋರ್ಡೂ ಬೇಕು. ಎಎಂಡಿಯ ಬಹುತೇಕ ರೈಜೆನ್‌ಗಳಿಗೆ ‘ಬಿ’ ವರ್ಗದ ಅಗ್ಗದ ಬೋರ್ಡೇ ಸಾಕು. ಆದರೆ ವೇಗ, ವೋಲ್ಟೇಜ್ ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ ಶಾಖವು ಸುಮಾರು ಶೇಕಡಾ 33ರಷ್ಟು ಏರುವುದು. ಒಳ್ಳೆಯ ಕೂಲರಿಗೆ ಮತ್ತೆ ಹಣ ಬೇಕು.

ಖಾನಾಪುರದ ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಅಪ್ಪನ ಉಳಿತಾಯದಲ್ಲಿ ನನಗೂ ತಂಗಿಗೂ ಒಂದೇ ಗಣಕಯಂತ್ರ. ಬೆಳಗಾವಿಯ ಅಂಗಡಿಗಳಲ್ಲಿ ವಿಚಾರಿಸಿ ರೈಜೆನ್ನನ್ನೇ ಆರಿಸಿದೆ. ಸದ್ಯ ಅದು ನಿಗದಿತ ವೇಗದಲ್ಲಿಯೇ ದುಡಿಯಲಿ. ಮುಂದೆ ನಾನು ಗಳಿಸಿ ಕೂಲರ್ ಕೊಂಡಾಗ ವೇಗವೇರಿಸಲು ಅಡ್ಡಿಯಿಲ್ಲ. ವಿದ್ಯಾರ್ಥಿ ಮಿತ್ರರೇ, ನಾಳೆಯ ವೇಗಕ್ಕೆ ಇಂದೇ ಬೆಲೆ ತೆರಬೇಕಾಗಿಲ್ಲ.