ಯುದ್ಧ ಮುಗಿದ ಮೇಲೆ ಭೇರಿಗೆ ಏನು ಕೆಲಸ?

 

*ಇಂದಿನ ಚಿಂತನೆ*

ಯುದ್ಧ ನಿಂತಾಗ ಊರಿಗೆಲ್ಲ ಹಬ್ಬ. ಆದರೆ ಆ ಹಬ್ಬ ಶಾಂತಿಯದೋ, ಗೆಲುವಿನದೋ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅವನ್ನು ಬೇರೆ ಮಾಡಿ ನೋಡುವುದೇ ಇಂದಿನ ಪಾಠ.

ಮೊದಲು ದೂರದ ಒಂದು ಚಿತ್ರ. ಡಚ್ಚರು ಸ್ಪೇನಿನ ದೊರೆಗಳ ವಿರುದ್ಧ 1568ರಲ್ಲಿ ಶುರು ಮಾಡಿದ ಹೋರಾಟ 1648ರಲ್ಲಿ ಮ್ಯೂನ್‌ಸ್ಟರ್ ಒಪ್ಪಂದದಿಂದ ಮುಗಿಯಿತು. 80 ವರ್ಷ! ಆಗ ಆಮ್‌ಸ್ಟರ್‌ಡ್ಯಾಮಿನ ನಗರ ಕಾವಲುಪಡೆಯವರು ಔತಣ ಮಾಡಿದರು. ಅದನ್ನು ವಾನ್ ಡರ್ ಹೆಲ್ಸ್ಟ್ ಎಂಬ ಕಲಾವಿದ ದೊಡ್ಡ ಚಿತ್ರವಾಗಿ ಬರೆದ. ಯುರೋಪಿನಲ್ಲಿ ಬರೋಕ್ ಎಂಬ ವೈಭವದ ಶೈಲಿ ನಡೆಯುತ್ತಿದ್ದ ಕಾಲವದು. ಆ ಚಿತ್ರವನ್ನು ನಾನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ರೇಷ್ಮೆ ಬಟ್ಟೆ, ಊಟ, ಕೈಕುಲುಕುವ ನಾಯಕರು. ಮುಂದೆ ಒಂದು ರಣಡೋಲು ಸುಮ್ಮನೆ ಕೂತಿದೆ; ಅದರ ಮೇಲೆ ಶಾಂತಿಯ ಕವಿತೆ ಬರೆದ ಕಾಗದ. ಎಷ್ಟು ಒಳ್ಳೆಯ ಯೋಚನೆ! ಆದರೂ ಆ ಪಂಕ್ತಿಯಲ್ಲಿ ಕೂತವರೆಲ್ಲ ಒಂದೇ ಕಡೆಯವರು. ಸತ್ತವರೂ ಇಲ್ಲ, ಎದುರಾಳಿಯೂ ಇಲ್ಲ.

ಅದಕ್ಕೂ ಸುಮಾರು 1,900 ವರ್ಷ ಮೊದಲೇ ಅಶೋಕ ತನ್ನ 4ನೇ ಬಂಡೆ ಶಾಸನದಲ್ಲಿ, ಭೇರಿಯ ಸದ್ದು ಈಗ ಧಮ್ಮದ ಸದ್ದಾಗಿದೆ ಎಂದು ಬರೆಸಿದ. ಕಳಿಂಗ ಯುದ್ಧದ ಲೆಕ್ಕ 13ನೇ ಶಾಸನದಲ್ಲಿದೆ: ಸತ್ತವರು 1 ಲಕ್ಷ, ಸೆರೆಯಾಗಿ ಹೋದವರು 1.5 ಲಕ್ಷ. ಗೆದ್ದ ದೊರೆಯೇ ಸೋತವರ ಹೆಣ ಎಣಿಸಿ, ದುಃಖಪಟ್ಟು, ಕಲ್ಲಿನಲ್ಲಿ ಕೊರೆಸಿದ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ 13ನೇ ಶಾಸನವನ್ನು ಕಳಿಂಗದಲ್ಲೇ ಕೊರೆಸಲಿಲ್ಲ. ಧೌಲಿ ಮತ್ತು ಜೌಗಡದಲ್ಲಿ ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಜನರೆಲ್ಲ ನನ್ನ ಮಕ್ಕಳಂತೆ, ಯಾರನ್ನೂ ಕಾರಣವಿಲ್ಲದೆ ಬಂಧಿಸಬೇಡಿ, ಪೀಡಿಸಬೇಡಿ ಎಂದು ಅಧಿಕಾರಿಗಳಿಗೆ ಕೊಟ್ಟ ಆಜ್ಞೆ ಅವುಗಳಲ್ಲಿದೆ. ಇದೇ ಎರಡು ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಮೂರ್ತಿಯ ಪೀಠವಾಗಿದ್ದ ಕಲ್ಲು ಅದು. 1980ರ ದಶಕದಲ್ಲಿ ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಹೆಸರು ಬರೆದ ಅಶೋಕನ ಶಿಲ್ಪವೂ ಇದೆ. ಅವನು ರಣರಂಗದಲ್ಲಿಲ್ಲ, ರಾಣಿಯ ಜೊತೆ ನಿಂತಿದ್ದಾನೆ.

ನಾನು ಇದನ್ನು ಹೀಗೆ ಓದಿಕೊಳ್ಳುತ್ತೇನೆ: ಸೋತವರ ಬಾಗಿಲಲ್ಲಿ ನಿನ್ನ ಗೆಲುವಿನ ಕಥೆ ಹೇಳಬೇಡ, ನಿನ್ನ ಪಶ್ಚಾತ್ತಾಪದ ಭಾಷಣವೂ ಬೇಡ. ಅವರು ಭಯವಿಲ್ಲದೆ ಬದುಕುವಂತೆ ನೋಡಿಕೋ, ಸಾಕು.

ಅಜಾತಶತ್ರುವಿನ ಕೈಯಲ್ಲಿ ಪಸೇನದಿ ಸೋತ ಸುದ್ದಿ ಬಂದಾಗ, ಈ ರಾತ್ರಿ ಪಸೇನದಿಗೆ ಸುಖ ನಿದ್ದೆಯಿಲ್ಲ ಎಂದರು ಬುದ್ಧರು. ಅವರ ಗಮನ ಮೊದಲು ಹೋದದ್ದು ಸೋತವನ ಕಡೆಗೆ.

ಈಗ ನಮ್ಮ ಓಣಿಗೆ ಬರೋಣ. ಪಂಚಾಯ್ತಿ ಫಲಿತಾಂಶದ ದಿನ ಗುಲಾಲು, ಹಲಗಿ, ಪಟಾಕಿ. ಮೆರವಣಿಗೆ ಎಲ್ಲೂ ನಿಲ್ಲದಿದ್ದರೂ ಸೋತವರ ಮನೆ ಮುಂದೆ ಮಾತ್ರ ಹತ್ತು ನಿಮಿಷ ನಿಲ್ಲುವುದನ್ನು ನಾನು ನೋಡಿದ್ದೇನೆ. ಒಳಗೆ ಬಾಗಿಲು ಹಾಕಿಕೊಂಡು ಮಕ್ಕಳು ಕೂತಿರುತ್ತವೆ. ಆ ಹತ್ತು ನಿಮಿಷವನ್ನು ಅವು ಮುಂದಿನ ಚುನಾವಣೆಯವರೆಗೂ ಮರೆಯುವುದಿಲ್ಲ. ಹೊಲದ ಬದುವಿನ ಕೇಸು ಗೆದ್ದು ತಮ್ಮನ ಮನೆ ಮುಂದೆ ಪೇಡೆ ಹಂಚುವುದೂ ಇದೇ ಭೇರಿ. ನಾಳೆ ಮತ್ತೆ ಅದೇ ಹಿರಣ್ಯಕೇಶಿಯ ನೀರು, ಅದೇ ಕಬ್ಬಿನ ಗಾಡಿದಾರಿ.

*ಇಂದಿನ ಅಭ್ಯಾಸ*
1. ನಿಮ್ಮೆದುರು ಸೋತ ಒಬ್ಬರನ್ನು ನೆನೆದು ಐದು ನಿಮಿಷ ಮೈತ್ರಿ ಭಾವನೆ ಮಾಡಿ.
2. ಆ ಗೆಲುವಿನ ಕಥೆಯನ್ನು ಇಂದು ಯಾರಿಗೂ ಹೇಳಬೇಡಿ.
3. ಅವರಿಗೆ ಉಪಯೋಗವಾಗುವ ಒಂದು ಸಣ್ಣ ಕೆಲಸ ಮಾಡಿ. ಮಾಡಿದ್ದನ್ನು ಗ್ರೂಪಿನಲ್ಲಿ ಹಾಕುವುದು ಬೇಡ.

ಭವತು ಸಬ್ಬ ಮಂಗಲಂ.
ಅಧ್ಯಯನ ಬಳಗ, ಸಂಕೇಶ್ವರ