ವರ್ಷಾಶನ, ಇಡಿಗಂಟು, ಇಡುಗಂಟು
(ರೈತರಿಗೆ ಸರ್ಕಾರ ನೀಡುವ ಧನಸಹಾಯದ ರೀತಿಯನ್ನು ಕುರಿತು ಒಂದು ವಿವೇಚನೆ)

ಉಳುವವನಿಗೆ ಆಳುವವರ ನೆರವು ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆ ನೆರವು ಯಾವ ರೂಪದಲ್ಲಿ ಸಲ್ಲಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಕೊಡುವುದು ಲೇಸೋ, ಹಲವು ವರ್ಷಗಳದನ್ನು ಕೂಡಿಸಿ ಒಮ್ಮೆಗೇ ಕೊಟ್ಟುಬಿಡುವುದು ಲೇಸೋ? ಇದು ಅರ್ಥಶಾಸ್ತ್ರಜ್ಞರ ಪ್ರಶ್ನೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಶಾಲೆಯ ಮಕ್ಕಳಲ್ಲಿ ಬಹುಪಾಲು ಒಕ್ಕಲು ಮನೆಗಳಿಂದ ಬಂದವರು. ದತ್ತಿ ನೀಡಿದ ಮಹನೀಯರಲ್ಲಿಯೂ ಮಣ್ಣಿನ ಋಣವುಳ್ಳವರೇ ಹೆಚ್ಚು.

ಮೊದಲು ಪದಗಳ ವಿಚಾರ. ಪ್ರತಿವರ್ಷ ಸಲ್ಲುವ ನಿಗದಿತ ಹಣಕ್ಕೆ ‘ವರ್ಷಾಶನ’ವೆಂದು ಹೆಸರು. ಒಟ್ಟಾಗಿ ಒಂದೇ ಸಾರಿ ಕೈಸೇರುವ ಹಣ ‘ಇಡಿಗಂಟು’. ಮೂಲವನ್ನು ಕರಗಿಸದೆ ಇರಿಸಿ ಅದರ ಫಲವನ್ನು ಮಾತ್ರ ಉಣ್ಣುವುದಾದರೆ ಅದು ‘ಇಡುಗಂಟು’. ಬಳಕೆಯ ಮಾತಿನಲ್ಲಿ ಕೊನೆಯ ಎರಡನ್ನೂ ಒಂದಾಗಿ ಆಡುವುದುಂಟು. ಆದರೆ ‘ಇಡಿ’ ಎಂದರೆ ಸಮಗ್ರ, ‘ಇಡು’ ಎಂದರೆ ಇರಿಸು. ಒಂದು ಸ್ವರದ ಈ ಅಂತರವನ್ನು ನಾನು ಈ ಲೇಖನದ ಉದ್ದಕ್ಕೂ ಪಾಲಿಸುತ್ತೇನೆ. ಹೇಳಬೇಕಾದ ಮಾತೆಲ್ಲ ಅದರಲ್ಲಿಯೇ ಅಡಗಿದೆ.

ನಮ್ಮ ಹಿರಿಯರಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಅಗ್ರಹಾರವನ್ನು ನೆಲೆಗೊಳಿಸಿ, ಕೇಶವ ದೇವಾಲಯವನ್ನು ಕಟ್ಟಿಸಿದ ಊರು ಸೋಮನಾಥಪುರ. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ದೇವಾಲಯದ ಶಿಲ್ಪವನ್ನು ನೋಡಲು ಬರುವವರು ಬಾಗಿಲ ಬಳಿಯ ಶಾಸನದ ಕಲ್ಲನ್ನೂ ಗಮನಿಸಬೇಕು. ಕಟ್ಟಡವನ್ನು ಕಟ್ಟಿ ಮುಗಿಸಿದರೆ ಸಾಲದು, ನಿತ್ಯದ ವೆಚ್ಚಕ್ಕೆ ಆದಾಯವನ್ನೂ ಕಲ್ಪಿಸಬೇಕೆಂಬ ವಿವೇಕ ಅಲ್ಲಿದೆ. ಶ್ರವಣಬೆಳಗೊಳದ ಅದೇ ಕಾಲದ ಶಾಸನಗಳಲ್ಲಿ, ಗದ್ಯಾಣಗಳನ್ನು ಇರಿಸಿ ಅವುಗಳ ಬಡ್ಡಿಯಿಂದ ಹಾಲು ಹೂಗಳು ನಡೆಯಲೆಂದು ವಿಧಿಸಿರುವುದನ್ನು ಕಾಣುತ್ತೇವೆ. ಕೊಟ್ಟದ್ದು ಒಮ್ಮೆ, ನಡೆಯಬೇಕಾದದ್ದು ಬಹುಕಾಲ. ಇದೇ ಇಡುಗಂಟು.

ವರ್ಷಾಶನದ ಗುಣದೋಷಗಳೆರಡನ್ನೂ ನಮ್ಮ ದೇವಾಲಯಗಳೇ ಅನುಭವಿಸಿವೆ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದಿಯಾತಿ ಕಾಯಿದೆಯಿಂದ ಇನಾಮು ಭೂಮಿಗಳು ಸರ್ಕಾರಕ್ಕೆ ಸೇರಿದವು. ಪ್ರತಿಯಾಗಿ ವರ್ಷಕ್ಕೆ ಇಷ್ಟೆಂದು ತಸ್ತೀಕು ನಿಗದಿಯಾಯಿತು. ಭೂಮಿಯಿಂದ ಬರುವ ಭತ್ತಕ್ಕೆ ಕಾಲಕಾಲದ ಬೆಲೆಯುಂಟು. ಕಾಗದದ ಮೇಲೆ ಬರೆದ ರೂಪಾಯಿಗೆ ಆ ಶಕ್ತಿಯಿಲ್ಲ. ಅಂದು ದೀಪಕ್ಕೂ ನೈವೇದ್ಯಕ್ಕೂ ಸಾಲುತ್ತಿದ್ದ ಹಣ ಮುಂದೆ ಎಣ್ಣೆಗೂ ಸಾಲದಾಯಿತು. ಸರ್ಕಾರವು ಮೊತ್ತವನ್ನು ಆಗಾಗ ಏರಿಸಬೇಕಾಯಿತು. ವರ್ಷಾಶನವು ನಿಲ್ಲದೆ ಬರುತ್ತದೆ, ಆದರೆ ಬರುತ್ತಬರುತ್ತ ಸವೆಯುತ್ತದೆ.

ಈಗ ರೈತರ ವಿಷಯಕ್ಕೆ ಬರೋಣ. 2019ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಮೂಲಕ ಭೂಮಿಯುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ತಲಾ 2,000ದಂತೆ ಮೂರು ಕಂತುಗಳಲ್ಲಿ ಸಲ್ಲುವ ಏರ್ಪಾಡಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರವು ತನ್ನ ಪಾಲೆಂದು 4,000 ರೂಪಾಯಿಗಳನ್ನು ಸೇರಿಸಿತು. 2023ರಲ್ಲಿ ಆ ಹೆಚ್ಚುವರಿ ನಿಂತುಹೋಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ರಾಜಕೀಯ ಚರ್ಚೆ ಇಲ್ಲಿ ಅಪ್ರಕೃತ. ವರ್ಷಾಶನವು ಕೊಡುವವರ ಇಚ್ಛೆಯನ್ನು ಅವಲಂಬಿಸಿದೆ ಎಂಬುದಷ್ಟೇ ನಮಗೆ ಪಾಠ.

ಹಾಗಾದರೆ ಒಮ್ಮೆಗೇ ಕೊಟ್ಟರೆ ಎಷ್ಟು ಕೊಡಬೇಕು? ಇದು ಲೆಕ್ಕದ ಮಾತು. ಬಡ್ಡಿಯ ದರ ನೂರಕ್ಕೆ 6 ಎಂದು ಇಟ್ಟುಕೊಂಡರೆ, ವರ್ಷಕ್ಕೆ 6,000 ರೂಪಾಯಿಯನ್ನು ಎಂದೆಂದಿಗೂ ಕೊಡಬಲ್ಲ ಮೂಲಧನ 1,00,000 ರೂಪಾಯಿ. ಇಪ್ಪತ್ತು ವರ್ಷಗಳಿಗೆ ಮಾತ್ರವಾದರೆ ಇಂದಿನ ಬೆಲೆ ಸುಮಾರು 69,000. ಹತ್ತು ವರ್ಷಗಳಿಗಾದರೆ ಸುಮಾರು 44,000. ಆದುದರಿಂದ ‘ಇಡಿಗಂಟು ಕೊಡುತ್ತೇವೆ’ ಎಂದು ಯಾರಾದರೂ ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಎಷ್ಟು ವರ್ಷಗಳ ಹಕ್ಕಿನ ಬೆಲೆ ಎಂಬುದು.

ಇಂಗ್ಲೆಂಡಿನಲ್ಲಿ ಈ ಪ್ರಯೋಗ ನಡೆದುಹೋಗಿದೆ. ಅಲ್ಲಿ ರೈತರಿಗೆ ಸಲ್ಲುತ್ತಿದ್ದ ವಾರ್ಷಿಕ ಸಹಾಯಧನವನ್ನು ಕ್ರಮೇಣ ಇಳಿಸಿ ಕೊನೆಗಾಣಿಸಲು ಸರ್ಕಾರ ನಿಶ್ಚಯಿಸಿತ್ತು. ಬೇಸಾಯದಿಂದ ನಿವೃತ್ತರಾಗಲು ಇಚ್ಛಿಸುವವರು ಮುಂದಿನ ಕಂತುಗಳ ಬದಲಾಗಿ ಇಡಿಗಂಟನ್ನು ಪಡೆಯಬಹುದೆಂದು 2022ರಲ್ಲಿ ಅವಕಾಶವಾಯಿತು. ಹಿಂದಿನ ಸರಾಸರಿ ವಾರ್ಷಿಕ ಮೊತ್ತದ 2.35 ಪಟ್ಟು, ಹೆಚ್ಚೆಂದರೆ ಸುಮಾರು ಒಂದು ಲಕ್ಷ ಪೌಂಡು. ಪಡೆದವರು ಭೂಮಿಯನ್ನು ಮಾರಬೇಕು, ದಾನ ಮಾಡಬೇಕು, ಇಲ್ಲವೆ ದೀರ್ಘಕಾಲದ ಗೇಣಿಗೆ ಕೊಡಬೇಕು. ವೃದ್ಧರು ಗೌರವದಿಂದ ಬಿಡುವು ಪಡೆದು ತರುಣರಿಗೆ ನೆಲ ದೊರೆಯಲಿ ಎಂಬುದು ಉದ್ದೇಶ. ನೂರಾರು ಎಕರೆಯ ಒಡೆಯರಿಗೆ ಇದು ಒಪ್ಪಬಹುದು. ಎರಡೆಕರೆಯ ನಮ್ಮ ರೈತನಿಗೆ ಭೂಮಿಯೇ ಪಿಂಚಣಿ, ಭೂಮಿಯೇ ಮಗಳ ಮದುವೆಯ ಭರವಸೆ. ಅದನ್ನು ಬಿಡಿಸುವ ಇಡಿಗಂಟು ಇಲ್ಲಿಗೆ ಹೊಂದದು.

ನಮ್ಮ ದೇಶದಲ್ಲಿಯೇ ಇದಕ್ಕೆ ವಿರುದ್ಧವಾದ ಉದಾಹರಣೆಯೊಂದುಂಟು. ಭೂಸ್ವಾಧೀನವಾದಾಗ ಕೊಡುವ ಪರಿಹಾರವೆಂಬ ಇಡಿಗಂಟು ಮಾತ್ರ ಸಾಲದೆಂದು ಮನಗಂಡ ಹರಿಯಾಣ ಸರ್ಕಾರ, ಅದರ ಜೊತೆಗೆ 33 ವರ್ಷಗಳ ವರ್ಷಾಶನವನ್ನೂ ಸೇರಿಸಿತು. 2010ರ ನಿಯಮದಂತೆ ಎಕರೆಗೆ 21,000 ರೂಪಾಯಿ, ವರ್ಷಕ್ಕೆ 750ರ ಏರಿಕೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯ ಸತ್ಯವನ್ನು ಕಾರ್ಖಾನೆಗಳಿಗೆ ನೆಲ ಕೊಟ್ಟ ಊರುಗಳೆಲ್ಲ ಬಲ್ಲವು. ಅಲ್ಲಿನವರು ಸೋಮಾರಿಗಳೆಂದು ಇದರ ಅರ್ಥವಲ್ಲ. ಉಳಲು ನೆಲವಿಲ್ಲದವನು ಕೂರದೆ ಇನ್ನೇನು ಮಾಡಿಯಾನು?

ಆದರೂ ಇಡಿಗಂಟನ್ನು ಹಳಿಯುವುದು ನ್ಯಾಯವಲ್ಲ. 2,000 ರೂಪಾಯಿಯ ಕಂತಿನಿಂದ ಗೊಬ್ಬರದ ಚೀಲ ಬಂದೀತು, ಬಾವಿ ಬಾರದು. ತಿರುಮಕೂಡಲು ನರಸೀಪುರದ ಕಡೆ ಹಿಪ್ಪುನೇರಳೆ ಬೆಳೆಯುವವನಿಗೆ ಗಾಳಿಬೆಳಕುಳ್ಳ ಹುಳುಸಾಕಣೆಯ ಮನೆ ಬೇಕು, ಚಂದ್ರಿಕೆಗಳು ಬೇಕು. ನಂಜನಗೂಡಿನ ಮಳೆಯಾಶ್ರಯದ ಹೊಲದಲ್ಲಿ ರಾಗಿ ಬಿತ್ತುವವನಿಗೆ ನೀರು ನಿಲ್ಲಿಸುವ ಹೊಂಡ ಬೇಕು. ಇವು ಕಂತಿನಲ್ಲಿ ಆಗುವ ಕೆಲಸಗಳಲ್ಲ. 2014ರಲ್ಲಿ ರಾಜ್ಯದ ಒಣಬೇಸಾಯದ ಪ್ರದೇಶಗಳಿಗೆಂದು ಬಂದ ಕೃಷಿಭಾಗ್ಯ ಯೋಜನೆಯಲ್ಲಿ ಕೃಷಿಹೊಂಡಕ್ಕೆ ಬಹುಪಾಲು ವೆಚ್ಚವನ್ನು ಸರ್ಕಾರವೇ ಭರಿಸಿದ್ದು ಈ ತತ್ತ್ವದಿಂದಲೇ. ಒಮ್ಮೆ ಕೊಟ್ಟ ಹಣ ಹೊಂಡವಾಗಿ ನಿಂತು ವರ್ಷವರ್ಷವೂ ಫಲ ಕೊಟ್ಟರೆ, ಇಡಿಗಂಟು ಇಡುಗಂಟಾಯಿತು. ಸಾಲಮನ್ನಾ ಎಂಬುದು ಹಾಗಲ್ಲ. ಅದೂ ಒಮ್ಮೆಗೇ ಸಲ್ಲುವ ದೊಡ್ಡ ಮೊತ್ತವೇ; ಆದರೆ ಹಳೆಯ ಹೊರೆಯನ್ನು ಇಳಿಸುತ್ತದೆ, ಹೊಸ ಆಧಾರವನ್ನು ಕಟ್ಟುವುದಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಈ ಸಹಾಯಗಳು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರುಳ್ಳವನಿಗೆ ಸಲ್ಲುತ್ತವೆ. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿ ಪದ್ಧತಿಗೆ ಕಾನೂನಿನ ಮಾನ್ಯತೆಯಿಲ್ಲ. ಆದರೆ ಬಾಯಿಮಾತಿನ ಮೇಲೆ ವಾರಕ್ಕೆ ಉಳುವವರು ಈಗಲೂ ಇದ್ದಾರೆ. ವರ್ಷಾಶನವಾದರೆ ಮುಂದಿನ ವರ್ಷವಾದರೂ ಆ ಅನ್ಯಾಯವನ್ನು ಸರಿಪಡಿಸಬಹುದು. ಇಪ್ಪತ್ತು ವರ್ಷಗಳದನ್ನು ಒಮ್ಮೆಗೇ ಪಟ್ಟದಾರನಿಗೆ ಕೊಟ್ಟುಬಿಟ್ಟರೆ, ನಿಜವಾಗಿ ಬೆವರು ಸುರಿಸಿದವನ ಪಾಲು ಆ ಇಪ್ಪತ್ತು ವರ್ಷಕ್ಕೂ ಮುಗಿದಂತೆಯೇ. ಅಣ್ಣತಮ್ಮಂದಿರ ಪಾಲಾಗದೆ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಮನೆಗಳಲ್ಲಿ ಎಷ್ಟು ವ್ಯಾಜ್ಯಗಳು ಹುಟ್ಟಿಯಾವು ಎಂಬುದನ್ನು ಊಹಿಸಿಕೊಳ್ಳಬಹುದು.

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ವರ್ಷಾಶನವನ್ನು ಪೂರ್ತಿ ತೆಗೆದು ಇಡಿಗಂಟನ್ನು ಹೇರುವುದು ತರವಲ್ಲ. ಇಚ್ಛೆಯುಳ್ಳ ರೈತನು ಕೆಲವು ವರ್ಷಗಳ ಹಕ್ಕನ್ನು ಒಟ್ಟಾಗಿ ಪಡೆದು ಬಾವಿ, ಹೊಂಡ, ಹುಳುಸಾಕಣೆಯ ಮನೆ ಮೊದಲಾದ ಸ್ಥಿರವಾದ ಆಧಾರಕ್ಕೆ ತೊಡಗಿಸಲು ಅವಕಾಶವಿರಲಿ. ಅದಕ್ಕೆ ಮನೆಯ ಒಡತಿಯ ಒಪ್ಪಿಗೆಯೂ ಬೇಕೆಂಬ ನಿಯಮವಿರಲಿ. ಬೆಲೆಯೇರಿಕೆಗೆ ತಕ್ಕಂತೆ ವರ್ಷಾಶನವೂ ಏರಲಿ. ಭೂಮಿಯನ್ನು ಬಿಟ್ಟುಕೊಡಬೇಕೆಂಬ ಷರತ್ತು ಮಾತ್ರ ಬೇಡ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಚಕ್ರಬಡ್ಡಿಯ ಪಾಠ ಬಂದಾಗ ಮೇಲಿನ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳಿಂದ ಮಾಡಿಸಬೇಕು. ಬಡ್ಡಿಯ ದರವನ್ನು ಬದಲಿಸಿ, ವರ್ಷಗಳನ್ನು ಬದಲಿಸಿ, ಮತ್ತೆ ಮಾಡಿಸಬೇಕು. ಮುಂದೊಂದು ದಿನ ಅರ್ಜಿಯ ಕಾಗದ ಅವರ ಮನೆಯ ಜಗಲಿಗೆ ಬಂದಾಗ, ತಂದೆಯು ಹೆಬ್ಬೆಟ್ಟನ್ನು ಒತ್ತುವ ಮೊದಲು ಮಗಳು ‘ಅಪ್ಪಾ, ಸ್ವಲ್ಪ ತಾಳಿ, ಲೆಕ್ಕ ಹಾಕಿ ನೋಡುತ್ತೇನೆ’ ಎನ್ನುವಂತಾದರೆ, ದಾನಿಗಳು ಈ ಶಾಲೆಯಲ್ಲಿ ಇರಿಸಿದ ಇಡುಗಂಟು ಫಲಿಸಿತೆಂದೇ ತಿಳಿಯಬೇಕು.